ಮೆಂಬ್ರೇನ್ ಕೆಳಗೆ, ಫೋಮ್ ಮೇಲೆ: ಉಡುಪಿಯ ತಾರಸಿಯಲ್ಲಿ ನನ್ನ ಅನುಭವ

ಕಲ್ಸಂಕದ ಹತ್ತಿರದ ಒಂದು ಬಟ್ಟೆ ಅಂಗಡಿಯ ತಾರಸಿಗೆ ನಾನು ನೀರು ತಡೆಯುವ ಪದರ (ಮೆಂಬ್ರೇನ್) ಕೆಳಗೆ, ಶಾಖ ತಡೆಯುವ ಫೋಮ್ ಮೇಲೆ ಹಾಕಿದೆ. ಆಮೇಲೆ ಅದು ಮೂರು ಮಳೆಗಾಲ ಕಂಡಿತು. ಒಳಗೆ ಒಂದು ಹನಿ ಬಿದ್ದಿಲ್ಲ. ಏಪ್ರಿಲ್ ಸಂಜೆಯಲ್ಲೂ ಮೇಲಿನ ಮಹಡಿಯಲ್ಲಿ ಆರಾಮವಾಗಿ ಕುಳಿತು ಸೀರೆ ನೋಡಬಹುದು. ಕೆಲಸ ಶುರು ಮಾಡುವಾಗ "ಇದು ಆಗುವುದಲ್ಲ" ಎಂದವರಲ್ಲಿ ನನ್ನ ಜೊತೆ ಹದಿನೈದು ವರ್ಷ ದುಡಿದ ಮೇಸ್ತ್ರಿಯೂ ಇದ್ದರು. ಈಗ ಅವರೇ ಬೇರೆ ಸೈಟಿನವರನ್ನು ಕರೆತಂದು ತೋರಿಸುತ್ತಾರೆ. ಅದಕ್ಕೇ ಬರೆಯಬೇಕು ಅನಿಸಿತು.

ಮೊದಲು ಕೈ ಸುಟ್ಟುಕೊಂಡದ್ದನ್ನು ಹೇಳುತ್ತೇನೆ. 2016ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಒಂದು ಆಫೀಸ್ ಕಟ್ಟಡ. ಸ್ಲ್ಯಾಬಿನ ಮೇಲೆ 50 ಎಂಎಂ ಥರ್ಮಾಕೋಲ್, ಅದರ ಮೇಲೆ ಸ್ಕ್ರೀಡು (ಸಿಮೆಂಟ್ ಗಾರೆಯ ಪದರ), ಮೇಲೆ ನೀರು ತಡೆಯುವ ಕೋಟಿಂಗ್. ಎಲ್ಲರೂ ಮಾಡುವ ಕ್ರಮವೇ. ಮೊದಲ ಬೇಸಗೆ ಒಳ್ಳೆ ತಂಪು. ಆದರೆ ಅಡಿಯಲ್ಲಿ ಥರ್ಮಾಕೋಲ್ ಇದ್ದರೆ ಸ್ಕ್ರೀಡಿನ ಬಿಸಿ ಕೆಳಗೆ ಇಳಿಯುವುದಿಲ್ಲ. ಅದು ಇನ್ನೂ ಜಾಸ್ತಿ ಕಾಯುತ್ತದೆ, ಮೇ ತಿಂಗಳ ಸಂಜೆ ಮಳೆಗೆ ಒಮ್ಮೆಲೇ ತಣಿಯುತ್ತದೆ. ಕೂದಲೆಳೆಯಂಥ ಬಿರುಕು ಬಂತು. ಎರಡನೇ ಮಳೆಗಾಲ ಮುಗಿದು ದೀಪಾವಳಿ ಕಳೆದರೂ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮಳೆಯೇ ಇಲ್ಲ, ನೀರು ಎಲ್ಲಿಂದ? ಒಡೆದು ನೋಡಿದರೆ ಥರ್ಮಾಕೋಲ್ ನೀರು ಹೀರಿ ಭಾರವಾಗಿ ಕೂತಿತ್ತು. ಒತ್ತಿದರೆ ನೀರು ಇಳಿಯುತ್ತಿತ್ತು. ಒಡೆಸಿ, ಅವಶೇಷ ಸಾಗಿಸಿ, ಮತ್ತೆ ಮಾಡಿಕೊಡುವಾಗ ನನ್ನ ಕೈಯಿಂದ ಸುಮಾರು 1 ಲಕ್ಷ 80 ಸಾವಿರ ಹೋಯಿತು. ಆ ವರ್ಷ ಮನೆಯಲ್ಲಿ ಹಬ್ಬ ಹಬ್ಬದಂತೆ ಇರಲಿಲ್ಲ.

ಆಮೇಲೆ ಬೈಕಂಪಾಡಿಯ ಒಂದು ಗೋಡೌನಿಗೆ ಪಿಯು (ಪಾಲಿಯುರೆಥೇನ್) ಫೋಮ್ ಸ್ಪ್ರೇ ಮಾಡಿಸಿದೆ. ಶಾಖ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಮೇಲಿನ ಕೋಟಿಂಗ್ ಸವೆದ ಕಡೆಯಲ್ಲೆಲ್ಲ ಫೋಮ್ ಬಿಸಿಲಿಗೆ ಕಂದುಬಣ್ಣಕ್ಕೆ ತಿರುಗಿ ಪುಡಿಯಾಯಿತು. ಕಾಗೆಗಳು ಕುಕ್ಕಿ ಕುಕ್ಕಿ ತೂತು ಮಾಡಿದವು. ತೂತಿನಲ್ಲಿ ನೀರು ನಿಂತಿತು.

ಆಗ ಬಂದ ಯೋಚನೆ ಇದು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಶಾಖದ ಲೆಕ್ಕ ನೋಡಿ ಫೋಮ್ ಆರಿಸುವುದು ಒಣ ಊರಿನವರಿಗೆ ಸರಿ. ನಾವು ನೀರಿನ ಲೆಕ್ಕ ನೋಡಿ ಆರಿಸಬೇಕು ಅಲ್ವಾ?

ಪರೀಕ್ಷೆ ಮಾಡಿಯೇ ಬಿಟ್ಟೆ. ಒಂದಡಿ ಚೌಕದ, 50 ಎಂಎಂ ದಪ್ಪದ ಮೂರು ತುಂಡು: ಥರ್ಮಾಕೋಲ್, ಪಿಐಆರ್ (ಪಿಯು ಜಾತಿಯದೇ ಗಟ್ಟಿ ಫೋಮ್), ಎಕ್ಸ್‌ಪಿಎಸ್ (ಥರ್ಮಾಕೋಲ್ ಜಾತಿಯದೇ, ಆದರೆ ಒತ್ತಾದ ಗಟ್ಟಿ ಫೋಮ್ ಬೋರ್ಡು). ಕಲ್ಲು ಕಟ್ಟಿ ನಮ್ಮ ಬಾವಿಗೆ ಇಳಿಸಿದೆ. ಆಟಿ ತಿಂಗಳು (ಜುಲೈ–ಆಗಸ್ಟ್) ಪೂರ್ತಿ ನೀರಿನಲ್ಲೇ ಇತ್ತು. ಅಮ್ಮ ಬೈದರು, "ಕುಡಿಯುವ ನೀರಿನಲ್ಲಿ ಎಂಥ ಇದು" ಅಂತ. ಮೇಲೆತ್ತಿ ಒರೆಸಿ ತೂಗಿದಾಗ, 70 ಗ್ರಾಂ ಇದ್ದ ಥರ್ಮಾಕೋಲ್ 230 ದಾಟಿತ್ತು. ಪಿಐಆರ್ ಕತ್ತರಿಸಿದ ಅಂಚಿನಿಂದ ಕುಡಿದು 180ರಿಂದ 260ಕ್ಕೆ ಹೋಗಿತ್ತು. ಎಕ್ಸ್‌ಪಿಎಸ್ 155 ಇದ್ದದ್ದು 180. ಪಿಐಆರ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. 50 ಎಂಎಂ ಪಿಐಆರ್ ಮಾಡುವ ಕೆಲಸಕ್ಕೆ ಎಕ್ಸ್‌ಪಿಎಸ್ 65 ಎಂಎಂ ಬೇಕು. ತಗಡಿನ ಶೀಟಿನ ಒಳಗೆ ಒಣಗಿ ಇರುವ ಕಡೆ ಪಿಐಆರೇ ರಾಜ. ನೀರು ತಾಗುವ ಕಡೆ ಬೇಡ.

ಬಟ್ಟೆ ಅಂಗಡಿಯ ಯಜಮಾನರಿಗೆ ಹೀಗೆ ಹೇಳಿದೆ: ವಾಟರ್‌ಪ್ರೂಫಿಂಗ್ ಮೆಂಬ್ರೇನ್ ಸ್ಲ್ಯಾಬಿಗೆ ಅಂಟಿಕೊಂಡು ಕೆಳಗೆ, ಎಕ್ಸ್‌ಪಿಎಸ್ ಅದರ ಮೇಲೆ, ಆಮೇಲೆ ನೀರು ಇಳಿಯಲು ಬಿಡುವ ಬಟ್ಟೆ (ಜಿಯೋಟೆಕ್ಸ್‌ಟೈಲ್), ಕೊನೆಗೆ ಸಿಮೆಂಟ್ ಪೇವರ್ (ಹಾಸುಗಲ್ಲು). ಪಕ್ಕದಲ್ಲಿದ್ದ, ತಾರಸಿಗೆ ಶೀಟ್ ಹೊದಿಸುವ ಕಂಟ್ರಾಕ್ಟರ್ ಕೇಳಿದರು, "ಎಂಥ ಮಾರಾಯ್ರೆ, ನೀರನ್ನು ಫೋಮಿನ ಒಳಗೆ ಬಿಡುವುದಾ?" ಹೌದು, ಬಿಡುವುದೇ. ನೀರು ಸಂದಿನಿಂದ ಇಳಿದು ಮೆಂಬ್ರೇನಿನ ಮೇಲೆ ಹರಿದು ಪೈಪಿಗೆ ಹೋಗಲಿ. ಮೆಂಬ್ರೇನಿಗೆ ಬಿಸಿಲೂ ಇಲ್ಲ, ಕಾಲಿನ ಪೆಟ್ಟೂ ಇಲ್ಲ. 100ಕ್ಕೆ 1 ಸ್ಲೋಪು ಇದ್ದು, 72 ಗಂಟೆ ನೀರು ನಿಲ್ಲಿಸಿದ ಪರೀಕ್ಷೆ ಪಾಸಾದರೆ ಹೆದರುವುದು ಯಾಕೆ?

ಹೆದರುವುದಕ್ಕೆ ಒಂದು ಕಾರಣ ಇತ್ತು, ಅದು ನನಗೆ ಮಾತ್ರ ಗೊತ್ತಿತ್ತು. ಮೊದಲ ಪ್ರಯೋಗ ನಮ್ಮ ಮನೆಯ ಶೆಡ್ಡಿನ ಮೇಲೆ, 200 ಚದರಡಿ. ಉಳಿದ ತೆಳು ಟೈಲ್ಸ್ ಮೇಲೆ ಹೊದಿಸಿ ಬಿಟ್ಟಿದ್ದೆ. ಜೂನ್ ಮೊದಲ ವಾರ ಹಲಸಿನ ಎಲೆ ಪೈಪಿನ ಬಾಯಿ ಮುಚ್ಚಿತು. ಬೆಳಿಗ್ಗೆ ನೋಡಿದರೆ ಬೋರ್ಡುಗಳೆಲ್ಲ ತೇಲಿ ಮೂಲೆ ಸೇರಿದ್ದವು. ಲೆಕ್ಕ ಸುಲಭ. 50 ಎಂಎಂ ಬೋರ್ಡು ಪೂರ್ತಿ ಮುಳುಗಿದರೆ ಚದರ ಮೀಟರಿಗೆ 48 ಕಿಲೋ ಮೇಲೆ ತಳ್ಳುತ್ತದೆ. ಈಗ 40 ಎಂಎಂ ಪೇವರ್ ಹಾಕುತ್ತೇನೆ, ಚದರ ಮೀಟರಿಗೆ 95 ಕಿಲೋ ಬೀಳುತ್ತದೆ. ಪ್ಯಾರಾಪೆಟ್ ಬದಿಯಲ್ಲಿ ಗಾಳಿಗೆ ಎರಡು ಸಾಲು ಇನ್ನೂ ದಪ್ಪದ್ದು. ಸ್ಲ್ಯಾಬ್ ಅಷ್ಟು ತಡೆಯುತ್ತದಾ ಎಂದು ಎಂಜಿನಿಯರ್ ಹತ್ತಿರ ಬರೆಸಿಕೊಳ್ಳದೆ ನಾನು ಕೆಲಸ ಮುಟ್ಟುವುದಿಲ್ಲ.

ಇನ್ನೊಂದು ನಷ್ಟ. ಹುಡುಗರು ಸಾಲ್ವೆಂಟ್ ಇರುವ ಗಮ್ ಹಚ್ಚಿಬಿಟ್ಟರು. ಬೋರ್ಡು ಕಣ್ಣೆದುರೇ ಕರಗಿ ಗುಂಡಿ ಬಿತ್ತು. ಹದಿನಾಲ್ಕು ಬೋರ್ಡು ಹಾಳು. ಈಗ ಅಂಟಿಸುವುದೇ ಇಲ್ಲ, ಒಂದರ ಮೇಲೊಂದು ಕೂರುವ (ಶಿಪ್‌ಲ್ಯಾಪ್) ಅಂಚು ಕೂಡಿಸಿ ಸುಮ್ನೆ ಇಡುವುದು, ಭಾರ ಪೇವರಿನದು.

ಮಾಲು ಬಂದಾಗ ಬಣ್ಣ ನೋಡಿ ಮರುಳಾಗಬೇಡಿ. 1250 × 600 × 50 ಎಂಎಂ ಬೋರ್ಡು, 35 ಡೆನ್ಸಿಟಿ (ಘನ ಮೀಟರಿಗೆ 35 ಕಿಲೋ) ಆದರೆ, 1 ಕಿಲೋ 300 ಗ್ರಾಂ ತೂಗಬೇಕು. ನಾನು ಮೀನು ಮಾರುವವರ ಡಿಜಿಟಲ್ ತಕ್ಕಡಿ ಸೈಟಿಗೇ ಒಯ್ಯುತ್ತೇನೆ. ಒಮ್ಮೆ 1 ಕಿಲೋ ಮಾತ್ರ ತೂಗಿತು, ಇಡೀ ಲೋಡು ವಾಪಸ್ ಕಳಿಸಿದೆ.

ದುಡ್ಡಿನ ವಿಷಯ. ತಾರಸಿ 4200 ಚದರಡಿ. ಆಗ ಚದರಡಿಗೆ ಎಕ್ಸ್‌ಪಿಎಸ್ 58 ರೂಪಾಯಿ ಹತ್ತಿರ, ಮೆಂಬ್ರೇನ್ ಕೋಟಿಂಗ್ 65, ಪೇವರ್ 48, ಜಿಯೋಟೆಕ್ಸ್‌ಟೈಲ್ 6, ಮೇಲೆ ಸಾಗಿಸಿ ಹಾಸುವ ಕೂಲಿ 20. ಒಟ್ಟು ಎಂಟೂಕಾಲು ಲಕ್ಷದಷ್ಟು ಆಯಿತು. ಟ್ರಸ್ (ಕಬ್ಬಿಣದ ಚೌಕಟ್ಟು) ಮತ್ತು ಶೀಟಿಗೆ ಅವರಿಗೆ ಬಂದಿದ್ದ ಕೊಟೇಶನ್ ಹತ್ತು ಲಕ್ಷ ದಾಟಿತ್ತು. ಉಪ್ಪುಗಾಳಿಗೆ ಆ ಕಬ್ಬಿಣಕ್ಕೆ ಬಣ್ಣ ಹೊಡೆಯುತ್ತಲೇ ಇರಬೇಕು. ಏಪ್ರಿಲ್ ತಿಂಗಳ ಮೆಸ್ಕಾಂ ಕರೆಂಟ್ ಬಿಲ್ಲು 38 ಸಾವಿರದ ಹತ್ತಿರ ಬರುತ್ತಿದ್ದದ್ದು 29ಕ್ಕೆ ಇಳಿದಿದೆ. ಸೀಲಿಂಗ್ ಬಿಸಿಯನ್ನು ಸಂಜೆ 6ಕ್ಕೆ ಅಳೆಯಿರಿ, ಮಧ್ಯಾಹ್ನ ಅಲ್ಲ. ಸ್ಲ್ಯಾಬ್ ಹೀರಿದ ಶಾಖ ಕೆಳಗೆ ಬರಲು ಗಂಟೆಗಳು ಬೇಕು. ಮೊದಲು 41 ಡಿಗ್ರಿ ಇತ್ತು, ಈಗ 32–33.

ಒಂದು ಮೂಲೆಯಲ್ಲಿ 75 ಎಂಎಂ ಹಾಕಿ ನೋಡಿದೆ. ಒಂದು ಡಿಗ್ರಿಯೂ ವ್ಯತ್ಯಾಸ ಬರಲಿಲ್ಲ. ಬಿಳಿ ಪೇಂಟ್ ಕೂಡ ಪ್ರಯತ್ನಿಸಿದ್ದೆ, ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಯಿತು.

ಪೈಪಿನ ಬಾಯಿಯ ಸುತ್ತ ಫೋಮ್ ಹೇಗೆ ಕತ್ತರಿಸುತ್ತೇನೆ, ಅಲ್ಲಿ ಏನು ತುಂಬುತ್ತೇನೆ ಎನ್ನುವುದನ್ನು ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡಿನ ಗುಟ್ಟು.

ಕಳೆದ ಅಕ್ಟೋಬರಿನಲ್ಲಿ ಮೇಸ್ತ್ರಿಯ ಎದುರೇ ನಾಲ್ಕು ಪೇವರ್ ಸಾಲು ಎತ್ತಿ ನಡುವಿನ ಒಂದು ಬೋರ್ಡು ಹೊರತೆಗೆದೆವು. ಒರೆಸಿ ಅದೇ ತಕ್ಕಡಿಯಲ್ಲಿ ಇಟ್ಟೆ. 1 ಕಿಲೋ 390 ಗ್ರಾಂ. ಮೇಸ್ತ್ರಿ ತಾವೇ ಇನ್ನೊಮ್ಮೆ ತೂಗಿ ನೋಡಿದರು. ಆಮೇಲೆ ಬೋರ್ಡನ್ನು ಅದರ ಜಾಗದಲ್ಲೇ ಇಟ್ಟು, ಪೇವರ್ ಮುಚ್ಚಿ ಇಳಿದೆವು.