ರೇಡಾರ್ ಚಾರ್ಟ್‌ಗೆ ಅಳತೆ ನೀವೇ ಕೊಡಿ

ಶ್ರೀನಿವಾಸಪುರದ ಮಾವಿನ ತಳಿಗಳನ್ನು ಹೋಲಿಸೋಕೆ ಚಾರ್ಟ್.ಜೆಎಸ್‌ನಲ್ಲಿ (ವೆಬ್ ಪುಟದಲ್ಲಿ ಚಾರ್ಟ್ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ರೇಡಾರ್ ಚಾರ್ಟ್ ಮಾಡುತ್ತಿದ್ದೀರಾ? ಅಂದರೆ ಜೇಡರ ಬಲೆಯ ಹಾಗೆ ನಡುವಿನಿಂದ ಗುಣಕ್ಕೊಂದು ಗೆರೆ ಹೊರಡುವ ಚಾರ್ಟ್. ಬಣ್ಣಕ್ಕಿಂತ ಮೊದಲು ಅಳತೆ (ಸ್ಕೇಲ್) ನೋಡಿ. ಸುಮ್ನೆ ಬಿಟ್ಟರೆ ಅದು ಸೊನ್ನೆಯಿಂದಲೇ ಶುರುವಾಗುತ್ತೆ ಅಂತೇನಿಲ್ಲ. ಸಿಹಿಗೆ ಬಾದಾಮಿ 9, ಮಲ್ಲಿಕಾ 8, ತೋತಾಪುರಿ 6 ಅಂತ ಕೊಟ್ಟಿರಿ ಅಂದುಕೊಳ್ಳಿ. ಇಡೀ ಚಾರ್ಟ್‌ನಲ್ಲಿ 6 ಕನಿಷ್ಠ ಅಂಕವಾಗಿದ್ದರೆ ಅದು ನಟ್ಟನಡುವೆ ಹೋಗಿ ಕೂರುತ್ತದೆ. ನೋಡಿದವರಿಗೆ ತೋತಾಪುರಿಯಲ್ಲಿ ಸಿಹಿಯೇ ಇಲ್ಲ ಅನ್ನಿಸುತ್ತದೆ. ಬೆಳೆದವರಿಗೆ ಇದು ಅನ್ಯಾಯ ಅಲ್ವಾ?

ಕೋಡ್‌ನಲ್ಲಿ ಆಪ್ಷನ್ಸ್ (options) ಒಳಗೆ ಸ್ಕೇಲ್ಸ್ (scales), ಅದರೊಳಗೆ ಆರ್ (r) ಇರಲಿ. ಅಲ್ಲಿ ಮಿನ್ 0, ಮ್ಯಾಕ್ಸ್ 10 ಅಂತ ಬರೆಯಿರಿ. 2021ರಲ್ಲಿ ಬಂದ 3ನೇ ಆವೃತ್ತಿಗಿಂತ ಹಳೆಯ ಕೋಡ್‌ನಲ್ಲಿ ಬರೀ ಸ್ಕೇಲ್ ಅಂತ ಇರುತ್ತದೆ, ಅದು ಈಗ ನಡೆಯಲ್ಲ. ಮಿನ್, ಮ್ಯಾಕ್ಸ್ ಹೀಗೆ ಕೊಟ್ಟರೆ, ಚಾರ್ಟ್‌ನ ಮೇಲಿನ ಹೆಸರು ಒತ್ತಿ ಒಂದು ತಳಿ ಮರೆಮಾಡಿದಾಗಲೂ ಉಳಿದವುಗಳ ಆಕಾರ ಬದಲಾಗಲ್ಲ.

ಬೆಲೆಯನ್ನು ರೂಪಾಯಿಯಲ್ಲೇ ಹಾಕಬೇಡಿ. ಎಲ್ಲ ಗೆರೆಗಳಿಗೂ ಒಂದೇ ಅಳತೆ ಇರುವುದರಿಂದ ಅದನ್ನೂ 10ರೊಳಗಿನ ಅಂಕ ಮಾಡಿ.

ಜಾಸ್ತಿ ಜನ ಮೊಬೈಲ್‌ನಲ್ಲೇ ನೋಡುತ್ತಾರೆ. ಆಪ್ಷನ್ಸ್ ಒಳಗಿನ ಇಂಟರಾಕ್ಷನ್‌ನಲ್ಲಿ (interaction) ಮೋಡ್ ಇಂಡೆಕ್ಸ್, ಇಂಟರ್‌ಸೆಕ್ಟ್ ಫಾಲ್ಸ್, ಆಕ್ಸಿಸ್ ಎಕ್ಸ್‌ವೈ ಕೊಡಿ. ಚುಕ್ಕಿಯ ಆಸುಪಾಸು ಬೆರಳಿಟ್ಟರೂ ಸಾಕು, ಎಲ್ಲ ತಳಿಗಳ ಅಂಕ ಒಟ್ಟಿಗೆ ಕಾಣುತ್ತದೆ.