ಮಣ್ಣಿನಲ್ಲಿ ಮೆದುಳು ಮಾಡುವುದು ಹೇಗೆ?

ಮಳೆ ಬಿಟ್ಟರೆ ಸಾಕು, ಉಡುಪಿ–ಮಂಗಳೂರಿನ ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನ ಶುರು. ಯಾವ ಶಾಲೆಗೆ ಹೋದರೂ ಮೇಜಿನ ಮೇಲೆ ಒಂದಾದರೂ ಮೆದುಳು ಇರುತ್ತದೆ. ಹೆಚ್ಚಿನವು ಉಂಡೆಯ ಮೇಲೆ ಒತ್ತುಶ್ಯಾವಿಗೆ ಸುರಿದ ಹಾಗೆ ಕಾಣುತ್ತವೆ. ಮುಂದೆ ಯಾವುದು, ಹಿಂದೆ ಯಾವುದು ಎಂದು ಕೇಳಿದರೆ ಮಗು ಅಮ್ಮನ ಮುಖ ನೋಡುತ್ತದೆ. ರಾತ್ರಿ ಕೂತು ಮಾಡಿದ್ದು ಅವರೇ ಅಲ್ವಾ!

1. ಮಣ್ಣು

ಕುಂಬಾರರ ಮಣ್ಣೇ ಬೇಕು. ಇಲ್ಲಿನ ನದಿ ದಂಡೆಯ ಮಣ್ಣು ಚೆನ್ನಾಗಿದೆ ಎಂದೇ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅಂಥ ಊರಲ್ಲಿ ಕೂತು ಪ್ಯಾಕೆಟ್ ಕ್ಲೇ ತರಿಸುವುದು ಯಾಕೆ? ಅಗ್ಗದ ಕ್ಲೇ ಬೆರಳಿಗೆ ಅಂಟುತ್ತದೆ, ಗೆರೆ ನಿಲ್ಲುವುದಿಲ್ಲ. ಥರ್ಮಾಕೋಲ್ ಉಂಡೆಗೆ ಮಣ್ಣು ಮೆತ್ತುವ ಅಡ್ಡದಾರಿಯೂ ಬೇಡ. ಒಣಗುವಾಗ ಮಣ್ಣು ಕುಗ್ಗುತ್ತದೆ, ಥರ್ಮಾಕೋಲ್ ಕುಗ್ಗುವುದಿಲ್ಲ, ಬಿರುಕು ಗ್ಯಾರಂಟಿ. ಪೇಪರ್ ಅರೆದು ಮೈದಾ ಅಂಟಿನಲ್ಲಿ ಮಾಡಿದರೆ ನಮ್ಮ ಹವೆಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿಗೆಂದು ಅಡಿಕೆಗೆ ಬಿಡುವ ಮೈಲುತುತ್ತು ಬೆರೆಸುವವರೂ ಇದ್ದಾರೆ. ಅದು ವಿಷ. ಮಕ್ಕಳ ಕೈಗೆ ಕೊಡಲೇಬೇಡಿ.

2. ಎರಡು ಹೋಳು

ದೊಡ್ಡವರ ಮೆದುಳು ಸುಮಾರು 16–17 ಸೆಂ.ಮೀ. ಉದ್ದ, 14 ಅಗಲ, 9 ಎತ್ತರ ಇರುತ್ತದೆ. ಎರಡೂ ಸೇರಿ ಆ ಅಳತೆ ಬರುವ ಹಾಗೆ ಎಡ, ಬಲ ಎರಡು ಹೋಳು ಬೇರೆ ಬೇರೆ ಮಾಡಿ. ಅಡಿಯಿಂದ ಚಮಚದಲ್ಲಿ ಸ್ವಲ್ಪ ಮಣ್ಣು ತೋಡಿ ತೆಗೆಯಿರಿ.

3. ಮಡಿಕೆಗಳು

ಎಲ್ಲರೂ ಎಡವುವುದು ಇಲ್ಲೇ. ಮಡಿಕೆ ಎಂದರೆ ಮೇಲಿಂದ ಅಂಟಿಸುವ ಎಳೆಯಲ್ಲ. ಮೇಲ್ಪದರವೇ ಒಳಗೆ ಮಡಚಿಕೊಂಡಿರುವುದು. ಈ ಪದರದ ದಪ್ಪ ಎರಡರಿಂದ ನಾಲ್ಕು ಮಿ.ಮೀ. ಮಾತ್ರ. ಅದರ ಮೂರರಲ್ಲಿ ಎರಡು ಪಾಲು ಸಂದುಗಳ ಒಳಗೆ ಅಡಗಿದೆ. ತಲೆಬುರುಡೆಯ ಇಷ್ಟೇ ಜಾಗದಲ್ಲಿ ಅಷ್ಟು ಪದರ ಹಿಡಿಸಬೇಕಲ್ಲ! ಹಾಗಾಗಿ ಕಡ್ಡಿಯಲ್ಲಿ ಸುಮ್ನೆ ಗೀಚಬೇಡಿ. ಚಮಚದ ಹಿಡಿಯಿಂದ ಆಳವಾಗಿ ಒತ್ತಿ.

ಮೊದಲು ಎರಡೇ ಎರಡು ಸಂದು. ಹೋಳಿನ ಬದಿಯಲ್ಲಿ, ಮುಂದೆ ಕೆಳಗಿನಿಂದ ಹೊರಟು ಹಿಂದಕ್ಕೆ ತುಸು ಮೇಲೇರುವ ಉದ್ದನೆಯದು ಒಂದು. ಅದರ ಕೆಳಗಿನ ಭಾಗ ಕೇಳುವುದಕ್ಕೆ, ನೆನಪಿಗೆ. ಎರಡನೆಯದು ನೆತ್ತಿಯ ನಡುವಿನಿಂದ ಕೆಳಕ್ಕೆ, ಸ್ವಲ್ಪ ಮುಂದಕ್ಕೆ ವಾಲಿ ಇಳಿಯುತ್ತದೆ. ಮೊದಲ ಸಂದಿಗೆ ತಾಗುವ ಮುಂಚೆ ನಿಲ್ಲಿಸಿ. ಇದರ ಮುಂದಿನ ಅಂಚು ಕೈಕಾಲು ಆಡಿಸುತ್ತದೆ, ಹಿಂದಿನ ಅಂಚು ಮುಟ್ಟಿದ್ದನ್ನು ತಿಳಿಯುತ್ತದೆ. ಇನ್ನೂ ಮುಂದಕ್ಕೆ, ಹಣೆಯ ಹಿಂದೆ, ಯೋಚನೆ ಮತ್ತು ನಿರ್ಧಾರ. ನೋಟದ ಕೆಲಸ ತೀರಾ ಹಿಂದೆ, ಹಿಂದಲೆಯ ಹತ್ತಿರ. ಕಣ್ಣು ಮುಂದಿದೆ ಎಂದು ಎಷ್ಟೋ ಮಕ್ಕಳು ನೋಟದ ಚೀಟಿಯನ್ನು ಹಣೆಗೆ ಅಂಟಿಸುತ್ತಾರೆ! ಈ ಹಿಂದಿನ ಭಾಗಕ್ಕೆ ಹೊರಗಿನಿಂದ ಸ್ಪಷ್ಟ ಗಡಿ ಇಲ್ಲ. ಹೋಳಿನ ಒಳಮುಖದಲ್ಲಿ ಮಾತ್ರ ಒಂದು ಆಳದ ಸಂದು ಕಾಣುತ್ತದೆ.

ಈ ಎರಡು ಸರಿ ಕೂತ ಮೇಲೆ ಉಳಿದ ಮಡಿಕೆಗಳನ್ನು ಬೆರಳು ಹೋದ ಹಾಗೆ ಮಾಡಿ. ಎಡ–ಬಲ ಒಂದೇ ತರ ಬರಲಿಲ್ಲ ಎಂದು ಅಳಿಸಬೇಡಿ. ನಿಜವಾದ ಮೆದುಳಿನಲ್ಲೂ ಬರುವುದಿಲ್ಲ.

ಅನುಮಾನವಿದ್ದರೆ ಮಣಿಪಾಲದ ಅಂಗರಚನಾ ಮ್ಯೂಸಿಯಂಗೆ ಮಗುವನ್ನು ಕರೆದುಕೊಂಡು ಹೋಗಿ. ಇಂಟರ್‌ನೆಟ್ಟಿನ ಚಿತ್ರಗಳಿಗಿಂತ ಅದು ನೂರು ಪಾಲು ಮೇಲು.

4. ಅನುಮಸ್ತಿಷ್ಕ

ಹಿಂದೆ ಕೆಳಗೆ ಕೂರುವ ಈ ಪುಟ್ಟ ಭಾಗಕ್ಕೆ ದೊಡ್ಡ ಮಡಿಕೆ ಮಾಡಿದರೆ ಕೆಟ್ಟಿತು. ಇಲ್ಲಿ ಹಿಡಿಸೂಡಿ ಕಡ್ಡಿ ತೆಗೆದುಕೊಳ್ಳಿ. ತೆಳುವಾದ, ಒತ್ತೊತ್ತಾದ ಅಡ್ಡಗೆರೆಗಳು ಬೇಕು. ತೂಕದಲ್ಲಿ ಇದು ಮೆದುಳಿನ ಹತ್ತರಲ್ಲೊಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ಇಲ್ಲೇ ಇವೆ. ಸೈಕಲ್ ಬೀಳದೆ ಹೋಗುವುದು, ಯಕ್ಷಗಾನದ ಹೆಜ್ಜೆ ತಾಳಕ್ಕೆ ಸರಿಯಾಗಿ ಬೀಳುವುದು ಇದರ ದಯೆಯಿಂದ.

5. ಕಾಂಡ ಮತ್ತು ಮೆದುಳುಬಳ್ಳಿ

ಮೆದುಳಿನ ಅಡಿಯಿಂದ ಇಳಿಯುವ ಕಾಂಡದ ಮುಂಭಾಗದಲ್ಲಿ ಒಂದು ಉಬ್ಬು, ಅದು ಪಾನ್ಸ್. ಕೆಳಗೆ ಮೆಡುಲ್ಲಾ. ಉಸಿರಾಟ, ಎದೆಬಡಿತ ನೋಡಿಕೊಳ್ಳುವುದು ಮೆಡುಲ್ಲಾ. ಕೈಕಾಲು ಆಡಿಸುವ ನರತಂತುಗಳಲ್ಲಿ ಹೆಚ್ಚಿನವು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುವುದೂ ಅಲ್ಲೇ. ಎರಡು ಬಣ್ಣದ ನೂಲನ್ನು ಅಲ್ಲಿ ಅಡ್ಡ ಹಾಯಿಸಿ ತೋರಿಸಿ. ಎಡ ಮೆದುಳಿಗೆ ಪಾರ್ಶ್ವವಾಯು ಹೊಡೆದರೆ ಬಲಗೈ ಯಾಕೆ ಸೋಲುತ್ತದೆ ಎಂದು ತೀರ್ಪುಗಾರರು ಕೇಳಿಯೇ ಕೇಳುತ್ತಾರೆ.

ಅಲ್ಲಿಂದ ಬೆನ್ನುಮೂಳೆಯೊಳಗೆ ಇಳಿಯುವ ಬಳ್ಳಿಗೆ ಕಿರುಬೆರಳು ದಪ್ಪದ ಹತ್ತಿಯ ಹಗ್ಗ ಸಾಕು. ಉದ್ದ ಸುಮಾರು 45 ಸೆಂ.ಮೀ. ಮಾತ್ರ. ಬೆನ್ನುಮೂಳೆಯ ತುದಿಯವರೆಗೂ ಎಳೆಯುವುದು ತಪ್ಪು. ಅದು ಸೊಂಟದ ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬಿಡಿ ಬಿಡಿ ನರಗಳು. ಆದ್ದರಿಂದ ಹಗ್ಗದ ತುದಿಯಲ್ಲಿ ಒಂದಿಷ್ಟು ಜಾಸ್ತಿ ಉದ್ದ ಬಿಟ್ಟು ಎಳೆ ಬಿಚ್ಚಿ. ಬದಿಯಲ್ಲಿ 31 ಜೋಡಿ ನರಗಳಿಗೆ ನೂಲು ಕಟ್ಟಿ. ಬಿಸಿ ಬಾಣಲೆ ಮುಟ್ಟಿದರೆ ನೋವು ಗೊತ್ತಾಗುವ ಮೊದಲೇ ಕೈ ಹಿಂದಕ್ಕೆ ಬರುವುದು ಈ ಬಳ್ಳಿಯಿಂದ. ಅದು ಮೆದುಳನ್ನು ಕೇಳುತ್ತಾ ಕೂರುವುದಿಲ್ಲ.

6. ಬಣ್ಣ

ನೆರಳಲ್ಲಿ ವಾರ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಪೋಸ್ಟರ್ ಬಣ್ಣ ಬಳಿಯಿರಿ. ಹೋಳಿನ ಹಣೆಯ ಕಡೆ, ನೆತ್ತಿಯ ಸಂದಿನ ಹಿಂದೆ, ಬದಿಯ ಸಂದಿನ ಕೆಳಗೆ, ಹಿಂದಲೆಯ ಹತ್ತಿರ, ಹೀಗೆ ನಾಲ್ಕು ಭಾಗಕ್ಕೆ ನಾಲ್ಕು ಬಣ್ಣ. ವಾರ್ನಿಷ್ ಬೇಡವೇ ಬೇಡ. ಬೆಳಕು ಬಿದ್ದು ಮಡಿಕೆಯೇ ಕಾಣುವುದಿಲ್ಲ.

ಚೀಟಿ ಅಂಟಿಸುವಾಗ ಎಡ–ಬಲ ಮೆದುಳಿನದ್ದು, ನೋಡುವವರದ್ದಲ್ಲ. ‘ನಾವು ಮೆದುಳಿನ ಹತ್ತು ಶೇಕಡಾ ಮಾತ್ರ ಬಳಸುತ್ತೇವೆ’ ಎಂಬ ಚಾರ್ಟ್ ದಯವಿಟ್ಟು ಹಾಕಬೇಡಿ. ಅದು ಸುಳ್ಳು. ನಿದ್ದೆಯಲ್ಲೂ ಮೆದುಳು ಕೆಲಸ ಮಾಡುತ್ತಿರುತ್ತದೆ. ಮೈತೂಕದಲ್ಲಿ ಎರಡು ಶೇಕಡಾ ಇರುವ ಇದು ದೇಹದ ಶಕ್ತಿಯಲ್ಲಿ ಸುಮಾರು 20 ಶೇಕಡಾ ತಿನ್ನುತ್ತದೆ.

ಹೋಳುಗಳನ್ನು ಗಮ್ ಹಾಕಿ ಅಂಟಿಸಬೇಡಿ. ಒಳಗೆ ಎರಡನ್ನೂ ಬೆಸೆಯುವ ನರತಂತುಗಳ ದಪ್ಪ ಪಟ್ಟಿಯನ್ನು ಬಿಚ್ಚಿ ತೋರಿಸಬೇಕು. ಬಸ್ಸಿನಲ್ಲಿ ಒಯ್ಯುವಾಗಲೂ ಬೇರೆ ಬೇರೆಯಾಗಿ ಬೈರಾಸಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಳ್ಳಿ. ಸೀಟಿನಡಿ ಇಟ್ಟರೆ ರಸ್ತೆಯ ಮೊದಲ ಹಂಪಿಗೇ ಅನುಮಸ್ತಿಷ್ಕ ಕಳಚುತ್ತದೆ.