ಪುಣೆಗೆ ಮನೆ ಬದಲಾಯಿಸೋ ಕ್ರೈಸ್ತ ಕುಟುಂಬದವರು ಮೊದಲು ಮಾಡ್ಬೇಕಾದ್ದು

ಧಾರವಾಡದಿಂದ ಪುಣೆಗೆ ಬಂದಾಗ ನಾವು ಮಾಡಿದ ತಪ್ಪು ಏನಂದ್ರೆ, ಮನೆ ಸೆಟ್ ಆಗ್ಲಿ, ಆಮೇಲೆ ಕುಟುಂಬ ಪ್ರಾರ್ಥನೆ ಶುರು ಮಾಡೋಣ ಅಂದುಕೊಂಡಿದ್ದು. ಗ್ಯಾಸ್ ಬರ್ಲಿ, ಮಕ್ಕಳ ಅಡ್ಮಿಶನ್ ಆಗ್ಲಿ ಅಂತ ಎರಡು ತಿಂಗಳು ಹೋಯ್ತು. ನಮ್ಮತ್ತೆಯವರ ಸತ್ಯವೇದ (ಬೈಬಲ್) ಪಾತ್ರೆ ಬಾಕ್ಸಿನ ತಳದಲ್ಲಿ ಸಿಕ್ತು, ಮನೆಯವರೆಲ್ಲರ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ತಾರೀಖು ಬರೆದಿದ್ದ ಮೊದಲ ಹಾಳೆಗೇ ಎಣ್ಣೆ ಹತ್ತಿತ್ತು. ಅದನ್ನ ಒರೆಸ್ತಾ ಕೂತಾಗ ಕಣ್ಣಲ್ಲಿ ನೀರು ಬಂತು. ನಿಮಗೆ ಹಾಗಾಗೋದು ಬೇಡ.

ಅದಕ್ಕೇ ಸತ್ಯವೇದ, ಗೀತೆಗಳ ಪುಸ್ತಕ, ಒಂದು ಚಾಪೆ, ಈ ಮೂರು ಲಾರಿಗೆ ಹಾಕ್ಬೇಡಿ, ಕೈಯಲ್ಲೇ ಇರ್ಲಿ. ಅಬ್ರಾಮ ಬೇತೇಲಿನ ಹತ್ರ ಗುಡಾರ ಹಾಕಿದಲ್ಲೇ ಯಜ್ಞವೇದಿನೂ ಕಟ್ಟಿದ (ಸತ್ಯವೇದದ ಆದಿಕಾಂಡ, 12ನೇ ಅಧ್ಯಾಯ). ಮೊದಲ ರಾತ್ರಿ ಎಷ್ಟೇ ಸುಸ್ತಾಗಿದ್ರೂ ಬಾಕ್ಸುಗಳ ಮಧ್ಯೆನೇ ಕೂತು ಒಂದು ಕೀರ್ತನೆ ಓದಿ, ಮಕ್ಕಳ ಬಾಯಲ್ಲಿ ಕರ್ತನ ಪ್ರಾರ್ಥನೆ ಹೇಳಿಸಿ, ಐದು ನಿಮಿಷ ಸಾಕು.

ಊರು ಬಿಡೋ ಮುಂಚೆ ಸಭಾಪಾಲಕರ (ಚರ್ಚಿನ ಪಾಸ್ಟರ್) ಹತ್ರ ಸದಸ್ಯತ್ವ ವರ್ಗಾವಣೆ ಪತ್ರ ಕೇಳಿ ತಗೊಳ್ಳಿ, ದೀಕ್ಷಾಸ್ನಾನ, ದೃಢೀಕರಣ, ಮದುವೆ ಸರ್ಟಿಫಿಕೇಟು ಎಲ್ಲದರ ಜೆರಾಕ್ಸ್ ಇಟ್ಕೊಳ್ಳಿ, ಆಮೇಲೆ ಫೋನಲ್ಲಿ ತರಿಸ್ಕೊಳ್ಳೋದು ಬಹಳ ಕಷ್ಟ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) 1947ರದ್ದು, ಇಲ್ಲಿ ಸಿಗೋದು ಹೆಚ್ಚಾಗಿ 1970ರಲ್ಲಿ ಆದ ಸಿಎನ್‌ಐ (ಉತ್ತರ ಭಾರತ ಸಭೆ). ಹೆಸರು ಬೇರೆ ಅಂತ ಹಿಂಜರೀಬೇಡಿ, ಎರಡೂ ಸಭೆ ಅನ್ಯೋನ್ಯತೆಯಲ್ಲಿವೆ, ಕರ್ತನ ಭೋಜನಕ್ಕೆ (ಚರ್ಚಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ಆರಾಧನೆಗೆ) ಧೈರ್ಯವಾಗಿ ಹೋಗಿ.

ಮನೆ ಹುಡುಕುವಾಗ ಆಫೀಸು, ಸ್ಕೂಲು ಎಷ್ಟು ದೂರ ಅಂತ ನೋಡೋ ಹಾಗೇ ಚರ್ಚೂ ನೋಡಿ. ನಾವು ಬಾಡಿಗೆ ಕಮ್ಮಿ ಅಂತ ಊರಂಚಿನ ವಾಘೋಲಿ ಹಿಡಿದ್ವಿ, ಊರ ನಡುವಿನ ಕ್ಯಾಂಪ್ ಕಡೆ ಆರಾಧನೆಗೆ ಬಸ್ಸಲ್ಲಿ ಬರೋಷ್ಟರಲ್ಲಿ ಎಷ್ಟೋ ಸಲ ಮೊದಲ ಗೀತೆ ಮುಗಿದಿರ್ತಿತ್ತು. ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಮಾಡ್ತಾರೆ, ತಪ್ಪಾದ್ರೆ ಮುಂದಿನ ಸಲ ಸರಿಮಾಡ್ಕೋಬಹುದು, ನಾವು ಹಾಗೇ ಮಾಡಿದ್ವಿ.

ಭಾಷೆ ವಿಷಯಕ್ಕೆ ಬಂದ್ರೆ, ಮೊದಲು ಮನೆಗೆ ಹತ್ತಿರದ ಮರಾಠಿ ಸಭೆಗೇ ಹೋಗಿ ಅಂತೀನಿ. ಇಂಗ್ಲಿಷ್ ಸರ್ವೀಸ್ ಸುಲಭ ಅನಿಸ್ತದೆ ನಿಜ, ಆದ್ರೆ ಕಷ್ಟಕ್ಕೆ ಆಗೋದು ಅಕ್ಕಪಕ್ಕದ ಮಂದಿ. ನಾವು ಸತ್ಯವೇದ ಅನ್ನೋದನ್ನ ಅವ್ರು ಪವಿತ್ರ ಶಾಸ್ತ್ರ ಅಂತಾರೆ, ಎಷ್ಟೋ ಗೀತೆಗಳ ರಾಗ ಮಾತ್ರ ನಮ್ಮದೇ. ಮೊದಲ ರವಿವಾರ ಪರಿಚಯದ ರಾಗ ಕೇಳಿ ನನ್ನ ಮಗಳು ಮೆಲ್ಲಗೆ ಕನ್ನಡದಲ್ಲೇ ಹಾಡಿದ್ಳು, ಪಕ್ಕದಲ್ಲಿದ್ದ ಆಜಿ (ಮರಾಠಿ ಅಜ್ಜಿ) ಅವಳ ಕೈ ಹಿಡ್ಕೊಂಡು ಕೊನೆವರೆಗೂ ಬಿಡ್ಲಿಲ್ಲ. 2020ರ ಕಾನೂನಿನ ಪ್ರಕಾರ ಇಲ್ಲಿ ಸ್ಕೂಲಲ್ಲೂ ಮರಾಠಿ ಕಡ್ಡಾಯ, ಹಾಗಾಗಿ ಮಕ್ಕಳು ಬೇಗ ಕಲೀತಾರೆ. ಮನೆ ಪ್ರಾರ್ಥನೆ ಮಾತ್ರ ಕನ್ನಡದಲ್ಲೇ ಇರ್ಲಿ, ಇಲ್ಲಾಂದ್ರೆ ಅಜ್ಜಿ ಜೊತೆ ಕೂತು ಪ್ರಾರ್ಥನೆ ಮಾಡೋಕೆ ಮಕ್ಕಳಿಗೆ ಮಾತೇ ಇರಲ್ಲ.

ಮಕ್ಕಳು ಊರಿಗೆ ವಾಪಸ್ ಹೋಗೋಣ ಅಂತ ಅಳ್ತಿದ್ರೆ ಒಂದಿನ ದೌಂಡ್ ಕಡೆ ಹೋಗೋ ರೈಲಲ್ಲಿ ಕೇಡಗಾಂವಗೆ ಕರ್ಕೊಂಡು ಹೋಗಿ, ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರೋದು ಅಲ್ಲೇ. ಅವ್ರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಚಿಕ್ಕಂದಿನಿಂದ ಊರೂರು ಅಲೆದವ್ರು, ಕೊನೆಗೆ ಈ ನೆಲದಲ್ಲಿ ನೂರಾರು ಅನಾಥ ಹೆಣ್ಮಕ್ಕಳಿಗೆ ಮನೆ ಆದ್ರು, ಬೈಬಲ್ಲನ್ನ ಮರಾಠಿಗೆ ತಂದ್ರು. ನನ್ನ ಮಗ ಅಲ್ಲಿಂದ ವಾಪಸ್ ಬರೋ ದಾರಿಯಲ್ಲಿ, ಅವ್ರಿಗೂ ನಮ್ಮೂರು ನೆನಪಾಗ್ತಿತ್ತಾ ಅಮ್ಮ ಅಂತ ಕೇಳ್ದ.

ಗೃಹಪ್ರತಿಷ್ಠೆ ಪ್ರಾರ್ಥನೆ ಫರ್ನಿಚರ್ ಬರೋವರೆಗೆ ಮುಂದೂಡ್ಬೇಡಿ. ಸಭಾಪಾಲಕರನ್ನ ಕರೀರಿ, ಎದುರು ಮನೆಯವ್ರನ್ನೂ ಅವ್ರು ಯಾವ ಧರ್ಮದವ್ರಾದ್ರೂ ಕರೀರಿ, ಚಹಾ, ಒಂದಿಷ್ಟು ಉಪ್ಪಿಟ್ಟು ಮಾಡಿ, ಕುರ್ಚಿ ಸಾಲದಿದ್ರೆ ಆ ಚಾಪೆ ಹಾಸಿ.